ಎರಡು ನಿಮಿಷದ ಕೆಲಸ

ಫೆಬ್ರವರಿ 3

ಯಂತ್ರದ ಪುಸ್ತಕ ಬರೆಯುವವರಿಗೆ,

ನಮ್ಮ ಕಲ್ಲುಗಣಿಯ ವರ್ಕ್‌ಶಾಪಿಗೆ ಹೋದ ವಾರ ನಿಮ್ಮ ಕಂಪನಿಯ ಹೊಸ ಲೋಡರ್ ಬಂದಿದೆ. ಜೊತೆಗೆ ರಿಪೇರಿ ಪುಸ್ತಕವೂ ಬಂದಿದೆ. ನಾನು ಇಲ್ಲಿ ಹೆಡ್ ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಯಂತ್ರ ಬಿಚ್ಚಿ ಕಟ್ಟುತ್ತಿದ್ದೇನೆ, ಪುಸ್ತಕ ಓದಿದ್ದು ಕಡಿಮೆ. ಇದನ್ನು ಮಾತ್ರ ಮೊದಲಿಂದ ಕೊನೆವರೆಗೆ ಓದಿದೆ.

ಅರವತ್ತೆರಡನೇ ಪುಟದಲ್ಲಿ ಒಂದು ತಪ್ಪಿದೆ. ಲೋಡರಿನ ತೋಳು ಎತ್ತಿಟ್ಟು ಕೆಲಸ ಮಾಡುವಾಗ ಅದು ಬೀಳದ ಹಾಗೆ ತಡೆಗಂಬ ಕೊಡಬೇಕು ಅಂತ ಬರೆದಿದ್ದೀರಿ. ಸರಿ. ಆದರೆ ಪಕ್ಕದ ಚಿತ್ರ ನೋಡಿ. ಕಂಬಕ್ಕೆ ಪಿನ್ ಹಾಕುವವನು ತೋಳಿನ ಅಡಿಯಲ್ಲೇ ನಿಂತಿದ್ದಾನೆ. ಕಂಬ ಇನ್ನೂ ಕೂತಿಲ್ಲ, ಆಗಲೇ ಒಳಗೆ ಹೋಗಿಬಿಟ್ಟಿದ್ದಾನೆ ಪುಣ್ಯಾತ್ಮ. ಅವನು ಹೊರಗೆ, ಚಕ್ರದ ಪಕ್ಕ ನಿಂತು ಪಿನ್ ತೂರಿಸಬೇಕು.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ. "ತೋಳನ್ನು ಹಿಡಿದು ನಿಲ್ಲಿಸಿರುವುದು ಬರೀ ಪೈಪಿನೊಳಗಿನ ಎಣ್ಣೆ. ಎಣ್ಣೆಗೆ ನೀವು ಯಾರೆಂದು ಗೊತ್ತಿಲ್ಲ." ಕಂಪನಿಯವರು ಹೀಗೆ ಬರೆಯುವುದಿಲ್ಲ. ಈ ಮಾತನ್ನು ನಾನು ಒಬ್ಬನ ಬಾಯಲ್ಲಿ, ಒಂದೇ ಸಲ ಕೇಳಿದ್ದೇನೆ. ಎಂಟು ವರ್ಷದ ಹಿಂದೆ, ನಮ್ಮ ಶೆಡ್ಡಿನಲ್ಲಿ ಎಡಗಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಸೂರು ನೋಡುತ್ತಾ ಹೇಳಿದ್ದ. ನನ್ನ ಹತ್ತಿರವೇ ಕೆಲಸ ಕಲಿತವನು. ನನ್ನ ಹೆಂಡತಿಯ ತಮ್ಮ.

ಪುಸ್ತಕ ಬರೆಯುವ ಕೆಲಸಕ್ಕೆ ಸೇರಿದ್ದೀಯ ಅಂತ ನನಗೆ ಯಾರೂ ಹೇಳಿರಲಿಲ್ಲ. ವಿಳಾಸವನ್ನು ನಿನ್ನಕ್ಕನ ಹತ್ತಿರ ಕೇಳಲಿಲ್ಲ. ಹಿಂದಿನ ರಟ್ಟಿನ ಮೇಲೇ ಇದೆ.

ಚಿತ್ರ ಸರಿಪಡಿಸಿ.

ಇಂತಿ,
ಹೆಡ್ ಮೇಸ್ತ್ರಿ, ಗಣಿ ವರ್ಕ್‌ಶಾಪ್


ಫೆಬ್ರವರಿ 19

ಮಾನ್ಯರೇ,

ತಮ್ಮ ದಿನಾಂಕ 3ರ ಪತ್ರ ತಲುಪಿದೆ. ಪುಟ ಅರವತ್ತೆರಡರ ಚಿತ್ರದ ಬಗ್ಗೆ ತಾವು ತಿಳಿಸಿದ ದೋಷವನ್ನು ಪರಿಶೀಲಿಸಿ ಒಪ್ಪಿಕೊಳ್ಳಲಾಗಿದೆ. ಮುಂದಿನ ಮುದ್ರಣದಲ್ಲಿ ತಿದ್ದಲಾಗುವುದು. ಅಲ್ಲಿಯವರೆಗೆ ಅಂಟಿಸಿಕೊಳ್ಳಲು ಹೊಸ ಚಿತ್ರದ ಹಾಳೆ ಲಗತ್ತಿಸಿದೆ.

ತಮ್ಮ ಕಾಳಜಿಗೆ ವಂದನೆಗಳು.

ಪುಸ್ತಕ ವಿಭಾಗದ ಪರವಾಗಿ
(ಸಹಿ)

ಅಕ್ಕನ ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ ಯಾವಾಗಲೂ "ಚೆನ್ನಾಗಿದೆ" ಅನ್ನುತ್ತಾಳೆ.


ಮಾರ್ಚ್ 2

ಪುಸ್ತಕ ವಿಭಾಗದವರಿಗೆ,

ಹೊಸ ಚಿತ್ರ ಅಂಟಿಸಿದ್ದೇನೆ. ಈಗ ಸರಿಯಾದ ಕಡೆ ನಿಂತಿದ್ದಾನೆ. ಮೀಸೆಯನ್ನೂ ಕೊಟ್ಟಿದ್ದೀರಿ, ಅದು ಬೇಕಿರಲಿಲ್ಲ.

ಮಂಡಿ ಚೆನ್ನಾಗಿಲ್ಲ. ಎಡಗಡೆಯದು ಏಳುವಾಗ ಕಟಕಟ ಅನ್ನುತ್ತೆ. "ಗ್ರೀಸ್ ಹಾಕ್ತೀನಿ ಬಾ" ಅಂದರೆ ಸೌಟು ತೋರಿಸುತ್ತಾಳೆ. ಡಾಕ್ಟರು ಮೆಟ್ಟಿಲು ಕಡಿಮೆ ಮಾಡಿ ಅಂದಿದ್ದಾರೆ. ಅವಳು ಮೆಟ್ಟಿಲು ಕಡಿಮೆ ಮಾಡಿಲ್ಲ, ಡಾಕ್ಟರ ಹತ್ತಿರ ಹೋಗುವುದನ್ನು ಕಡಿಮೆ ಮಾಡಿದ್ದಾಳೆ.

ಇನ್ನೊಂದು ವಿಷಯ. ತಡೆಗಂಬ ಹಾಕಿ, ಹಾಕಿ ಅಂತ ಎಂಟು ಕಡೆ ಬರೆದಿದ್ದೀರಿ. ಕಂಬ ಎಲ್ಲಿರಬೇಕು ಅಂತ ಒಂದು ಕಡೆಯೂ ಬರೆದಿಲ್ಲ. ನಮ್ಮಲ್ಲಿ ಅದು ಸ್ಟೋರಿನ ಮೂಲೆಯಲ್ಲಿರುತ್ತಿತ್ತು. ಶೆಡ್ಡಿನಿಂದ ನೂರಾಹತ್ತು ಹೆಜ್ಜೆ, ನಾನೇ ಎಣಿಸಿದೆ. ನಲವತ್ತು ಕಿಲೋ ಕಬ್ಬಿಣ. ಸ್ಟೋರಿನವನು ಊಟಕ್ಕೆ ಹೋಗಿದ್ದರೆ ಬೀಗ. ಇಷ್ಟೆಲ್ಲ ದಾಟಿ ಯಾರು ತರುತ್ತಾರೆ? ಹೋದ ವಾರ ಯಂತ್ರದ ಮೈಗೇ ಎರಡು ಕೊಕ್ಕೆ ಬೆಸೆಸಿ ಕಂಬವನ್ನು ಅಲ್ಲೇ ನೇತುಹಾಕಿಸಿದ್ದೇನೆ. ಹಳದಿ ಬಣ್ಣ, ದುಂಡು ಮೈ, ಹುಡುಗರು ಹೊಸ ಲೋಡರಿಗೆ ಕುಂಬಳಕಾಯಿ ಅಂತ ಹೆಸರಿಟ್ಟಿದ್ದಾರೆ. ಈಗ ಕುಂಬಳಕಾಯಿ ಕಂಕುಳಲ್ಲಿ ಕೊಡೆ ಇಟ್ಟುಕೊಂಡ ಹಾಗೆ ಕಾಣುತ್ತೆ.

ಇದನ್ನೂ ಪುಸ್ತಕಕ್ಕೆ ಹಾಕಬಹುದು.

ಇಂತಿ,
ಹೆಡ್ ಮೇಸ್ತ್ರಿ


ಮಾರ್ಚ್ 20

ಮೇಸ್ತ್ರಿಗಳಿಗೆ,

ಕೊಕ್ಕೆಯ ವಿಷಯ ನಮ್ಮ ಮುಖ್ಯಸ್ಥರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಇದು ಯಾಕೆ ನಮಗೆ ಹೊಳೀಲಿಲ್ಲ?" ಅಂದರು. ನಮ್ಮಲ್ಲಿ ಯಾರೂ ನಲವತ್ತು ಕಿಲೋ ಹೊತ್ತುಕೊಂಡು ನೂರಾಹತ್ತು ಹೆಜ್ಜೆ ನಡೆದಿಲ್ಲ ಸಾರ್, ಅಂದೆ. ನಾನು ನಡೆದಿದ್ದೇನೆ, ಆದರೆ ಅದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ಲೋಡರುಗಳಿಗೆ ಕಾರ್ಖಾನೆಯಲ್ಲೇ ಕೊಕ್ಕೆ ಕೂರಿಸುವ ಮಾತು ನಡೆದಿದೆ.

ನನ್ನ ಕೆಲಸ ನಿಮಗೆ ನಗು ತರಿಸಬಹುದು. ಮೂರನೇ ಮಹಡಿ, ಕಿಟಕಿ ಪಕ್ಕ ಒಂದು ಮೇಜು. ಎದುರಿಗೆ ಚಿತ್ರ ಬರೆಯುವ ಹೆಂಗಸು. ಮೀಸೆ ಇಟ್ಟವರು ಅವರೇ. ಅವರ ಗಂಡನ ಮೀಸೆಯಂತೆ. ದಿನವಿಡೀ ನಾನು ಬರೆಯುವುದು ಇಷ್ಟೇ: ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಹಿಡಿಗಳನ್ನು ಆಡಿಸಿ ಪೈಪಿನ ಒತ್ತಡ ಬಿಡಿ, ಎಚ್ಚರಿಕೆಯ ಫಲಕ ತೂಗುಹಾಕಿ. ಹಿಂದೆ ಕೈಯಲ್ಲಿ ಮಾಡುತ್ತಿದ್ದದ್ದನ್ನು ಈಗ ಪೆನ್ನಿನಲ್ಲಿ ಮಾಡುತ್ತೇನೆ. ಕೃತಕ ಕಾಲಿಗೆ ಹೊಸ ಜೋಡಣೆ ಕೊಟ್ಟಿದ್ದಾರೆ, ಹಿಂದಿನದರಷ್ಟು ಉಜ್ಜುವುದಿಲ್ಲ.

ಈಗ ಮುಖ್ಯ ವಿಷಯ. ಹೊಸ ಮುದ್ರಣದಲ್ಲಿ ಪ್ರತಿ ಎಚ್ಚರಿಕೆಯ ಕೆಳಗೆ ನಿಜವಾಗಿ ನಡೆದ ಒಂದು ಘಟನೆಯನ್ನು ನಾಲ್ಕು ಸಾಲಿನಲ್ಲಿ ಹಾಕಬೇಕು ಅಂತ ತೀರ್ಮಾನವಾಗಿದೆ. ಹೆಸರು, ಸ್ಥಳ ಏನೂ ಇರುವುದಿಲ್ಲ. ಅರವತ್ತೆರಡನೇ ಪುಟಕ್ಕೆ ನನ್ನದನ್ನೇ ಬರೆಯಬೇಕು ಅಂದುಕೊಂಡಿದ್ದೇನೆ. ಆದರೆ ಅಲ್ಲಿ ಇದ್ದವರು ಇಬ್ಬರು. ನನಗೆ ನೆನಪಿರುವುದು ನನಗಿದೆ. ನೀವು ಕಂಡದ್ದನ್ನು, ಆಡಿದ್ದನ್ನು ಬರೆದು ಕಳಿಸಿ.

ತನಿಖೆಯ ಕಾಗದದಲ್ಲಿ ಇರುವುದು ಬೇಡ. ಅದನ್ನು ಓದಿದ್ದೇನೆ.

ವಂದನೆಗಳೊಂದಿಗೆ.


ಮೇ 27

ತಮ್ಮಾ,

ಅಕ್ಕ ಬರೀತಿರೋದು. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಭಾವ ಪಕ್ಕದಲ್ಲೇ ಇರ್ತಾರೆ. ಅದಕ್ಕೇ ಕಾಗದ.

ನಿನಗೆ ಅವರು ಕಾಗದ ಬರೆದಿದ್ದು ನನಗೆ ಮಾರ್ಚಿನಲ್ಲೇ ಗೊತ್ತಾಯ್ತು, ಅಂಗಿ ಒಗೆಯುವಾಗ ನಿನ್ನ ಕಾಗದ ಜೇಬಲ್ಲಿ ಸಿಕ್ತು. ಒಣಗಿಸಿ ಮತ್ತೆ ಜೇಬಿಗೇ ಇಟ್ಟೆ. ಎಂಟು ವರ್ಷ ಒಬ್ಬರ ಮುಖ ಒಬ್ಬರು ನೋಡದವರು ಯಂತ್ರದ ವಿಷಯಕ್ಕಾದರೂ ಮಾತಾಡ್ತಿದ್ದಾರಲ್ಲ, ಸಾಕು ಅಂತ ಸುಮ್ಮನಿದ್ದೆ.

ಆದರೆ ನೀನು ಏನು ಕೇಳಿದೀಯೋ ಮಾರಾಯ, ಮನುಷ್ಯ ಎರಡು ತಿಂಗಳಿಂದ ಮನುಷ್ಯನ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಮೇಜಿನ ಮುಂದೆ ಕೂತು ಒಂದು ಸಾಲು ಬರೀತಾರೆ, ಹರೀತಾರೆ. ಬುಟ್ಟಿ ತುಂಬ ಚೂರು. ನಾನೇನು ಚೂರು ಜೋಡಿಸಿ ಓದೋಳಲ್ಲ. ಓದಿದೆ ಅಂತಲೇ ಇಟ್ಕೋ, ಎಲ್ಲದರಲ್ಲೂ ಒಂದೇ ಇದೆ: "ಆ ದಿನ ನಾನು". ಅಲ್ಲಿಂದ ಮುಂದೆ ಹೋಗಲ್ಲ.

ನಾನು ಆಸ್ಪತ್ರೆಯಲ್ಲಿ ನಿನ್ನ ಮಗ್ಗುಲಲ್ಲೇ ಕೂತಿದ್ದೆ ಕಣೋ, ತನಿಖೆಯವರು ಬಂದಾಗ. "ನಾನೇ ಹೋದೆ, ಯಾರೂ ಹೇಳಲಿಲ್ಲ" ಅಂದೆ ನೀನು. ಅನ್ನುವಾಗ ಅವರನ್ನ ನೋಡಲಿಲ್ಲ, ನನ್ನ ನೋಡಿದೆ. ನಾನು ದಡ್ಡಿ ಅಂತ ಇಬ್ಬರೂ ತಿಳ್ಕೊಂಡಿದ್ದೀರಿ. ಎಂಟು ವರ್ಷ ಇಬ್ಬರಿಗೂ ಬಡಿಸಿದ್ದೇನೆ, ಬೇರೆ ಬೇರೆ ಊರಲ್ಲಿ. ಕೇಳಲಿಲ್ಲ, ಅಷ್ಟೇ.

ಮಂಡಿ ಚೆನ್ನಾಗಿದೆ.

ನಿನ್ನ ಅಕ್ಕ


ಜೂನ್ 9

ಭಾಮೈದನಿಗೆ,

ಮೊದಲು ಮೊನ್ನೆ ನಡೆದದ್ದು ಹೇಳುತ್ತೇನೆ. ಅದು ನಡೆಯದಿದ್ದರೆ ಈ ಕಾಗದವೂ ಬುಟ್ಟಿಗೇ ಹೋಗುತ್ತಿತ್ತು.

ನಮ್ಮಲ್ಲಿ ಹೊಸದಾಗಿ ಒಬ್ಬಳು ವೆಲ್ಡರ್ ಸೇರಿದ್ದಾಳೆ. ಎಲ್ಲರೂ ಕಿಡಿ ಅಂತ ಕರೆಯುತ್ತಾರೆ. ಮಾತೂ ಹಾಗೇ. ಗುರುವಾರ ಕುಂಬಳಕಾಯಿಯ ತೋಳಿನ ಅಡಿಯಲ್ಲಿ ಒಂದು ಸಣ್ಣ ಬಿರುಕು ಕಂಡಿತು. ತೋಳು ಎತ್ತಿಸಿದೆ. ಕಂಬ ಕೊಕ್ಕೆಯಲ್ಲೇ ಇತ್ತು, ಕೈಗೆ ಸಿಗುವ ಹಾಗೆ. ತೆಗೆದು ಇಟ್ಟೆವು. ಪಿನ್ ಹೋಗಲಿಲ್ಲ. ಯಾರೋ ಕಲ್ಲಿಗೆ ತಗುಲಿಸಿ ಅದನ್ನು ಬಾಗಿಸಿದ್ದರು. ಬೇರೆ ಪಿನ್ ಕಡೆಸಿ ತರಬೇಕು ಅಂದರೆ ಅರ್ಧ ಗಂಟೆ. ಹೊರಗೆ ಹನ್ನೊಂದು ಲಾರಿ ಸಾಲುಗಟ್ಟಿದ್ದವು. ಮ್ಯಾನೇಜರು ನನ್ನ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದರು, ಏನೂ ಅನ್ನಲಿಲ್ಲ. ಅನ್ನಬೇಕಾಗಿರಲಿಲ್ಲ.

ನಾನು ಕಿಡಿಗೆ ಹೇಳಿದೆ, "ಎರಡು ನಿಮಿಷದ ಕೆಲಸ. ಹೋಗಿ ಬೆಸುಗೆ ಎಳೆದು ಬಾಮ್ಮ."

ಅವಳು ಮುಖವಾಡ ಮೇಲೆತ್ತಿ ನನ್ನನ್ನು ನೋಡಿದಳು. "ಪಿನ್ ಹಾಕಿ ಮೇಸ್ತ್ರಿ, ಹೋಗ್ತೀನಿ."

"ಕಂಬ ಕೂತಿದೆಯಲ್ಲ."

"ಪಿನ್ ಇಲ್ಲದ ಕಂಬ ಒರಗಿಸಿಟ್ಟ ಕಡ್ಡಿ. ನೀವೇ ಓದಿಸಿದ ಪುಸ್ತಕ. ಎಣ್ಣೆಗೆ ನಾನು ಯಾರು ಅಂತ ಗೊತ್ತಾ?" ಅಷ್ಟು ಹೇಳಿ ಒಂದು ಡಬ್ಬ ಎಳೆದುಕೊಂಡು ಕೂತುಬಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ನೋಡುತ್ತಿದ್ದರು. ಲೇತ್ ಹತ್ತಿರ ನಾನೇ ಹೋಗಿ ಪಿನ್ ಕಡೆದು ತಂದೆ. ಮೂವತ್ತೈದು ನಿಮಿಷ ಹಿಡಿಯಿತು. ಹಾಕಿದ ಮೇಲೆ ಅವಳು ಹೋಗಿ ಬಿರುಕು ಮುಚ್ಚಿ ಬಂದಳು. ತೋಳು ಬೀಳಲಿಲ್ಲ. ಪೈಪು ಒಡೆಯಲಿಲ್ಲ. ಪಿನ್ ಇಲ್ಲದಿದ್ದರೂ ಏನೂ ಆಗುತ್ತಿರಲಿಲ್ಲ ಅಂತಲೇ ಕಾಣುತ್ತೆ.

ಅದೇ ನನ್ನನ್ನು ಬರೆಯಲು ಕೂರಿಸಿದ್ದು. ಏನೂ ಆಗದ ದಿನಗಳಲ್ಲಿ ನಾನು ಎಷ್ಟು ಜನಕ್ಕೆ ಈ ಮಾತು ಹೇಳಿದ್ದೇನೆ, ಲೆಕ್ಕವಿಲ್ಲ. ಆದ ದಿನ ಹೇಳಿದ್ದು ನಿನಗೆ.

ಬರೆಯುತ್ತೇನೆ. ಆ ದಿನ ನಾನು ಬೆಳಿಗ್ಗೆ ಇದ್ದ ಒಂದೇ ಕಂಬವನ್ನು ಹಳೇ ಲೋಡರಿಗೆ ಕೊಟ್ಟಿದ್ದೆ. ಎರಡನೇ ಲೋಡರಿನ ಪೈಪು ಸೋರುತ್ತಿದೆ ಅಂತ ನೀನು ಬಂದು ಹೇಳಿದೆ. ತೋಳು ಎತ್ತಿ ನಿಂತಿತ್ತು. ಕಂಬ ಬಿಡುವಾಗಲು ಒಂದು ಗಂಟೆ ಆಗುತ್ತಿತ್ತು. ನೀನು ತೋಳಿನ ಕಡೆ ಒಮ್ಮೆ ನೋಡಿದೆ, ನನ್ನ ಕಡೆ ಒಮ್ಮೆ ನೋಡಿದೆ. ನಾನು, "ಎರಡು ನಿಮಿಷದ ಕೆಲಸ, ಬಿಗಿದು ಬಾ" ಅಂದೆ. ನೀನು ಹೋದೆ. ನಾನು ಸ್ಪ್ಯಾನರು ಎತ್ತಿಕೊಡಲು ಬಗ್ಗಿದ್ದೆ. ಏಳುವುದರೊಳಗೆ ಮುಗಿದಿತ್ತು.

ತನಿಖೆಯ ಕಾಗದದಲ್ಲಿ "ಯಾರ ಸೂಚನೆಯೂ ಇಲ್ಲದೆ ಕೆಲಸಗಾರ ತಾನಾಗಿ ಯಂತ್ರದ ಅಡಿಗೆ ಹೋಗಿದ್ದ" ಅಂತಿದೆ. ಅದರ ಕೆಳಗಿನ ಸಹಿ ನನ್ನದು. ನೀನು ಹಾಗೆ ಹೇಳಿದ್ದೀಯ ಅಂತ ಕೇಳಿ ನನಗೆ ಉಸಿರು ಬಂತು. ಆ ಉಸಿರನ್ನು ನೆನೆದರೆ ಈಗಲೂ ನನಗೆ ನನ್ನನ್ನು ಕಂಡರೆ ಆಗುವುದಿಲ್ಲ.

ಈ ಕಾಗದ ಅಂಚೆಗೆ ಹಾಕುವ ಮೊದಲು ನಿನ್ನಕ್ಕನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಒಣಗಿದ ಬಟ್ಟೆ ತಂದು ಮಡಿಸಿದಳು. ನನ್ನವನ್ನು ಮಡಿಸಲಿಲ್ಲ, ಒಂದು ಕಡೆ ರಾಶಿ ಹಾಕಿದಳು.

ಭಾವ


ಜೂನ್ 24

ಭಾವನಿಗೆ,

ಕಾಗದ ಆಫೀಸಿಗೆ ಬಂತು. ಓದಿ, ಮೂರು ಮಹಡಿ ಇಳಿದು, ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದೆ. ಚಿತ್ರ ಬರೆಯುವವರು "ಯಾರಾದರೂ ಹೋದರಾ?" ಅಂತ ಕೇಳಿದರು. ಇಲ್ಲ, ಬಂದರು, ಅಂದೆ. ಅವರಿಗೆ ಅರ್ಥವಾಗಲಿಲ್ಲ.

ನನ್ನ ಪಾಲಿನದನ್ನೂ ಬರೆಯಬೇಕು. ಕಂಬ ಇಲ್ಲ ಅಂತ ನಾನು ನೋಡಿದ್ದೆ. ನೀವು ಬರೆದದ್ದು ನಿಜ, ತೋಳು ನೋಡಿದೆ, ನಿಮ್ಮನ್ನು ನೋಡಿದೆ. "ಕಂಬ ಬರಲಿ ಭಾವ" ಅನ್ನಲು ನನಗೂ ಬಾಯಿತ್ತು. ಸುತ್ತ ಡ್ರೈವರುಗಳು ನಿಂತಿದ್ದರು. ಮೇಸ್ತ್ರಿಯ ಭಾಮೈದ ಹೆದರುಪುಕ್ಕಲ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಆ ಹೆಣ್ಣುಮಗಳು ಡಬ್ಬ ಎಳೆದುಕೊಂಡು ಕೂತಳಲ್ಲ, ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ಸುಲಭವಿತ್ತು.

ತನಿಖೆಯವರಿಗೆ ಹಾಗೆ ಹೇಳಿದ್ದು ನಿಮಗಾಗಿ ಅಲ್ಲ. ಅಕ್ಕ ಪಕ್ಕದಲ್ಲಿ ಕೂತು ನನ್ನ ತಲೆ ಸವರುತ್ತಿದ್ದಳು. ಅದೇ ಕೈ ಸಂಜೆ ನಿಮಗೆ ಬಡಿಸಬೇಕಲ್ಲ ಅನ್ನಿಸಿತು.

ನನ್ನ ಸಿಟ್ಟು ಎರಡು ನಿಮಿಷದ ಮೇಲೆ ಅಲ್ಲ ಭಾವ. ಆಸ್ಪತ್ರೆಯಲ್ಲಿ ನಲವತ್ತು ದಿನ ಇದ್ದೆ. ಒಂದು ದಿನ ತಪ್ಪದೆ ಬಂದಿರಿ. ಫ್ಲಾಸ್ಕು ತಂದಿರಿ, ಉಗುರು ಕತ್ತರಿಸಿದಿರಿ, ಗಡ್ಡ ಕೆರೆದಿರಿ, ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕಿದ್ದು ಹೇಳಿದಿರಿ. ಅದೊಂದು ಬಿಟ್ಟು ಎಲ್ಲ ಹೇಳಿದಿರಿ. ಹೇಳಿದ್ದರೆ "ಹೋಗಲಿ ಬಿಡಿ" ಅನ್ನುತ್ತಿದ್ದೆ. ಅನ್ನಲು ಕಾಯುತ್ತಿದ್ದೆ. ಹೇಳದೆ ಇದ್ದದ್ದಕ್ಕೆ ಏನನ್ನಲಿ? ಅದಕ್ಕೇ ಊರು ಬಿಟ್ಟೆ.

ಪುಟ ಸಿದ್ಧ ಮಾಡಿದ್ದೇನೆ. ನೋಡಿ:

"ಒಂದು ವರ್ಕ್‌ಶಾಪಿನಲ್ಲಿ ಲೋಡರಿನ ತೋಳು ಎತ್ತಿಟ್ಟು ಪೈಪು ಬಿಗಿಯಲಾಗುತ್ತಿತ್ತು. ತಡೆಗಂಬ ಕೊಟ್ಟಿರಲಿಲ್ಲ. ಪೈಪು ಒಡೆದು ತೋಳು ಬಿತ್ತು. ಫಿಟ್ಟರ್ ಒಬ್ಬ ಕಾಲು ಕಳೆದುಕೊಂಡ."

ಒಪ್ಪಿಗೆಯಾದರೆ ತಿಳಿಸಿ. ಜುಲೈ ಕೊನೆಗೆ ಅಚ್ಚಿಗೆ ಹೋಗುತ್ತದೆ.

ನಿಮ್ಮ ಭಾಮೈದ


ಜುಲೈ 8

ಭಾಮೈದನಿಗೆ,

ಒಪ್ಪಿಗೆ ಇಲ್ಲ. ಕಾರಣ ಕೊನೆಗೆ ಬರೆಯುತ್ತೇನೆ.

ಸೋಮವಾರ ಮ್ಯಾನೇಜರ ಕೋಣೆಗೆ ಹೋಗಿ, ನಿನಗೆ ಬರೆದದ್ದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ ಕೊಟ್ಟೆ. ತನಿಖೆಯ ಫೈಲಿಗೆ ಸೇರಿಸಿ ಅಂದೆ. ಅವರು ಓದಿ ಕನ್ನಡಕ ತೆಗೆದಿಟ್ಟರು.

"ಏನು ಮೇಸ್ತ್ರಿ, ಎಂಟು ವರ್ಷದ ಹೆಣ ಈಗ ಯಾಕೆ ಅಗೀತೀರಿ?"

"ಹೆಣ ಅಲ್ಲ ಸಾರ್. ಅವನು ಬದುಕಿದ್ದಾನೆ. ಅದಕ್ಕೇ."

"ಇದು ಮೇಲಿನವರಿಗೆ ಹೋದರೆ ನಿಮ್ಮನ್ನ ಹೆಡ್ ಆಗಿ ಇಟ್ಟುಕೊಳ್ಳೋಕೆ ಆಗಲ್ಲ."

"ಹೋಗಲಿ."

ಹೋಯಿತು. ನಿನ್ನೆಯಿಂದ ಕ್ರೇನಿನ ಫಿಟ್ಟರ್ ಹೆಡ್. ಒಳ್ಳೆಯ ಹುಡುಗ, ಮಾತು ಕಡಿಮೆ, ಅದು ಈ ಕೆಲಸಕ್ಕೆ ಒಳ್ಳೇದು. ನನ್ನನ್ನು ಕಳಿಸಿಬಿಡುತ್ತಾರೆ ಅಂದುಕೊಂಡಿದ್ದೆ, ಕಳಿಸಲಿಲ್ಲ. ಯಾರೇ ಯಂತ್ರದ ಅಡಿಗೆ ಹೋಗುವ ಮೊದಲು ಕಂಬ, ಪಿನ್, ಕೀಲಿ ಮೂರನ್ನೂ ನೋಡಿ ಸಹಿ ಹಾಕುವ ಕೆಲಸ ಕೊಟ್ಟಿದ್ದಾರೆ. ಮೊದಲ ದಿನವೇ ಕಿಡಿ ಬಂದು, "ಏನ್ ಮೇಸ್ತ್ರಿ, ಎರಡು ನಿಮಿಷದಲ್ಲಿ ಸಹಿ ಹಾಕ್ತೀರಾ?" ಅಂದಳು. ಬೇಕೆಂದೇ ಹತ್ತು ನಿಮಿಷ ತೆಗೆದುಕೊಂಡೆ.

ನಿನ್ನಕ್ಕ ಇಪ್ಪತ್ತೇಳು ದಿನ ಅಳೆದು ತೂಗಿ ಮಾತಾಡಿದಳು. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಅಷ್ಟೇ. ಮೊನ್ನೆ ಬಚ್ಚಲಲ್ಲಿ ನಲ್ಲಿ ಬಿಟ್ಟು ಬಂದೆ ಅಂತ ಬಾಯಿಗೆ ಬಂದ ಹಾಗೆ ಬೈದಳು. ನಲ್ಲಿಯಿಂದ ಶುರುವಾಗಿ ಆಸ್ಪತ್ರೆಗೆ ಬಂದು, ನಮ್ಮ ಮದುವೆಗೆ ಹೋಗಿ, ಮತ್ತೆ ನಲ್ಲಿಗೆ ಬಂದು ನಿಂತಳು. ಆಮೇಲೆ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಅವಳು ಏಳಿ ಅನ್ನಲಿಲ್ಲ. ಈಗ ಕೆಳಗಿನ ಕೋಣೆಯ ಸಾಮಾನೆಲ್ಲ ಹೊರಗೆ ಹಾಕಿಸುತ್ತಿದ್ದಾಳೆ. ಯಾರಿಗೆ ಅಂತ ಕೇಳಿದರೆ, "ನಿಮಗಂತೂ ಅಲ್ಲ" ಅನ್ನುತ್ತಾಳೆ.

ಈಗ ಪುಟದ ವಿಷಯ. ನೀನು ಬರೆಯುವವನು, ನಾನು ಸ್ಪ್ಯಾನರು ಹಿಡಿದವನು. ಆದರೂ ಹೇಳುತ್ತೇನೆ. "ಬಿಗಿಯಲಾಗುತ್ತಿತ್ತು" ಅಂದರೇನು? ಪೈಪು ತನ್ನನ್ನು ತಾನು ಬಿಗಿದುಕೊಳ್ಳುತ್ತಿತ್ತಾ? "ಕಂಬ ಕೊಟ್ಟಿರಲಿಲ್ಲ" ಅಂತೀಯ. ಯಾರು ಕೊಟ್ಟಿರಲಿಲ್ಲ? ನಾಲ್ಕು ಸಾಲಿನಲ್ಲಿ ಕಾಲು ಹೋದವನು ಒಬ್ಬನಿದ್ದಾನೆ, ಅದಕ್ಕೆ ಕಾರಣನಾದವನು ಇಲ್ಲ. ತನಿಖೆಯವರೂ ಹೀಗೇ ಬರೆದರು, ನನಗೆ ಅನುಕೂಲವಾಯಿತು. ಓದುವ ಮೇಸ್ತ್ರಿಗಳಿಗೂ ಅನುಕೂಲವಾಗುತ್ತೆ. ಫಿಟ್ಟರುಗಳು ಹೆದರುತ್ತಾರೆ, ಮೇಸ್ತ್ರಿಗಳು ಪುಟ ತಿರುವುತ್ತಾರೆ.

ಹೀಗೆ ಬರೆ: "ಕಂಬ ಇಲ್ಲ ಎಂದು ಮೇಸ್ತ್ರಿಗೆ ಗೊತ್ತಿತ್ತು. ಆದರೂ ಅವನು ಫಿಟ್ಟರಿಗೆ, ಎರಡು ನಿಮಿಷದ ಕೆಲಸ, ಹೋಗು ಅಂದ."

ಅವನು ಅಂತಲೇ ಇರಲಿ. ಅವರು ಬೇಡ.

ಭಾವ


ಜುಲೈ 22

ಭಾವ,

ನೀವು ಹೇಳಿದ ಹಾಗೇ ತಿದ್ದಿದ್ದೇನೆ. ಅದರ ಮುಂದೆ ನನ್ನದೊಂದು ಸಾಲು ಸೇರಿಸಿದ್ದೇನೆ: "ಫಿಟ್ಟರಿಗೂ ಗೊತ್ತಿತ್ತು. ಅವನು ಆಗುವುದಿಲ್ಲ ಅನ್ನಲಿಲ್ಲ." ನಾಲ್ಕು ಸಾಲು ಆರಾಯಿತು. ಮುಖ್ಯಸ್ಥರು ಎಣಿಸಿದರು, ಓದಿದರು, ಆಮೇಲೆ ಎಣಿಸುವುದನ್ನು ಬಿಟ್ಟರು. ನಿನ್ನೆ ಅಚ್ಚಿಗೆ ಹೋಯಿತು.

ಹೆಡ್ ಕೆಲಸ ಹೋದದ್ದಕ್ಕೆ ನನಗೆ ಬೇಜಾರಾಯಿತು ಅಂದರೆ ಸುಳ್ಳು. ಖುಷಿಯಾಯಿತು ಅಂದರೂ ಸುಳ್ಳು. ಹೋಗಲಿ ಬಿಡಿ.

ಹೊಸ ಪುಸ್ತಕವನ್ನು ವರ್ಕ್‌ಶಾಪುಗಳಿಗೆ ತೆಗೆದುಕೊಂಡು ಹೋಗಿ, ಯಂತ್ರದ ಪಕ್ಕದಲ್ಲೇ ನಿಂತು ಓದಿ ತೋರಿಸಲು ನನ್ನನ್ನು ಕಳಿಸುತ್ತಿದ್ದಾರೆ. ಎಲ್ಲಿಂದ ಶುರು ಮಾಡ್ತೀಯ ಅಂತ ಕೇಳಿದರು, ಹೇಳಿದೆ. ಆಗಸ್ಟ್ 11ಕ್ಕೆ, ಬೆಳಗಿನ ಬಸ್ಸಿಗೆ ಬರುತ್ತೇನೆ. ಮೂರು ದಿನ ಇರುತ್ತೇನೆ. ಆಫೀಸಿನವರು ಲಾಡ್ಜು ಹಿಡಿದಿದ್ದರು, ಬೇಡ ಅಂದೆ.

ಅಕ್ಕನಿಗೆ ಹೇಳಿ, ಕೆಳಗಿನ ಕೋಣೆಯಲ್ಲಿ ಅವಳೇ ಮಲಗಲಿ, ಆ ಮಂಡಿ ಇಟ್ಟುಕೊಂಡು ಹತ್ತಿ ಇಳಿಯುವುದು ಬೇಡ. ನನಗೆ ಮೇಲಿನದೇ ಸಾಕು. ಮೆಟ್ಟಿಲು ಹತ್ತಬಲ್ಲೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಿಂದಿನಿಂದ ಯಾರೂ ಅವಸರ ಮಾಡದಿದ್ದರಾಯಿತು.

ನಿಮ್ಮ ಭಾಮೈದ